ಟಾರ್ಗೆಟ್ ಮುಗೀದಿದ್ರೆ ಅದು ಓಟಿ ಅಲ್ವಂತೆ ಮೇಡಂ

"ಕೋಪ ಕಡಿಮೆ ಆಗೋ ಹಾಗೆ ಏನಾದ್ರೂ ಮಾಡಿ" ಅಂತ ಕೇಳಿಕೊಂಡು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುವವರು ಈಗೀಗ ಜಾಸ್ತಿಯಾಗಿದ್ದಾರೆ. ಗಂಡ, ಅತ್ತೆ, ಮಕ್ಕಳು ಅಂತ ಶುರುವಾದ ಮಾತು ಸ್ವಲ್ಪ ಹೊತ್ತಿಗೆಲ್ಲ ಕೆಲಸದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಅಂಥದ್ದೊಂದು ಪ್ರಕರಣ ಇದು. ಹೆಸರು, ಗುರುತು ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಗಿರಿಜಾ ಅಂತಿಟ್ಟುಕೊಳ್ಳಿ. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್, ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಮಗಳು ಮಗ್ಗಿ ತಪ್ಪು ಹೇಳಿದಳು ಅಂತ ಸ್ಕೇಲಿನಲ್ಲಿ ಹೊಡೆದಿದ್ದರು. ಮಗುವಿನ ಕೈ ಊದಿಕೊಂಡಿದ್ದು ನೋಡಿ ತಾವೇ ಹೆದರಿ ಬಂದಿದ್ದರು. ಮೊದಲು ನಿದ್ದೆ, ಊಟ ವಿಚಾರಿಸಿದೆ. ಫ್ಯಾಕ್ಟರಿಯಲ್ಲಿ ಇಡೀ ದಿನಕ್ಕೆ ಒಂದು ಲೋಟ ನೀರು ಕುಡಿದರೆ ಹೆಚ್ಚು. ಕುಡಿದರೆ ಬಾತ್‌ರೂಮಿಗೆ ಏಳಬೇಕು, ಎದ್ದರೆ ಪೀಸ್ ನಿಲ್ಲುತ್ತದೆ, ಪೀಸ್ ನಿಂತರೆ ಬೈಗುಳ. ಇಎಸ್‌ಐ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಅಂದೆ. ಮನೆಗೆ ಬಂದ ಮೊದಲ ಅರ್ಧ ಗಂಟೆ ಮಗಳ ಪುಸ್ತಕ ಮುಟ್ಟಬೇಡಿ ಅಂತಲೂ ಹೇಳಿದೆ. ಇದೆಲ್ಲ ಎಲ್ಲರೂ ಕೊಡುವ ಸಲಹೆಯೇ.

ಮುಂದಿನ ಭೇಟಿಗೆ ಅವರು ಬಂದಿದ್ದು ತಡವಾಗಿ. ಯಾಕೆ ಅಂದರೆ, "ಒಂದು ಗಂಟೆ ಜಾಸ್ತಿ ಕೂರಿಸಿದ್ರು" ಅಂದರು.

"ಓಟಿ, ಅಂದ್ರೆ ಹೆಚ್ಚಿಗೆ ದುಡಿದ ಗಂಟೆಗೆ ದುಡ್ಡು, ಕೊಡ್ತಾರಾ?"

"ಇಲ್ಲ ಮೇಡಂ. ಟಾರ್ಗೆಟ್ ಮುಗೀದಿದ್ರೆ ಅದು ಓಟಿ ಅಲ್ವಂತೆ. ನಮ್ಮ ತಪ್ಪಿಗೆ ನಾವು ಕೂತಿದ್ದು ಅಂತಾರೆ ಸೂಪರ್‌ವೈಸರ್."

"ನಿಮಗೇನನ್ನಿಸುತ್ತೆ?"

"ನಿಜಾನೇ ಅಲ್ವಾ? ನಂದು ಸ್ವಲ್ಪ ನಿಧಾನ."

ಬೈಗುಳ, ಸರಿಯಿಲ್ಲ, ಮತ್ತೆ ಹೊಲಿ ಅಂತ ಮುಖಕ್ಕೆ ಎಸೆದ ಆಲ್ಟರ್ ಪೀಸು, ಹೋಗೇ ಬಾರೇ, ಇವೆಲ್ಲದರ ಬಗ್ಗೆ ಅಳುತ್ತಾ ಹೇಳಿದ್ದ ಹೆಂಗಸು ಈ ಮಾತನ್ನು ಮಾತ್ರ ತಣ್ಣಗೆ ಹೇಳಿದರು. ನನಗೆ ಕಸಿವಿಸಿಯಾಯಿತು. ಆ ಒಂದು ಗಂಟೆ ತಾನು ತೀರಿಸಬೇಕಾದ ಸಾಲ ಅಂತ ಅವರು ಒಪ್ಪಿಕೊಂಡುಬಿಟ್ಟಿದ್ದರು. ಅವರ ಪ್ರಕಾರ ಕಂಪನಿ ಅವರಿಗೆ ಏನೂ ಬಾಕಿ ಕೊಡಬೇಕಿಲ್ಲ, ಅವರೇ ಕಂಪನಿಗೆ ಬಾಕಿ.

ಪೇ ಸ್ಲಿಪ್ ಇದೆಯಾ ಕೇಳಿದೆ. ಬುತ್ತಿ ಬ್ಯಾಗಿನಿಂದ ಎಂಟು ಮಡಿಕೆ ಮಾಡಿದ ಚೀಟಿ ತೆಗೆದರು. ಕೈಗೆ ಬಂದ ದುಡ್ಡು ಬಿಟ್ಟರೆ ಬೇರೆ ಸಾಲು ಯಾವತ್ತೂ ಓದಿಲ್ಲವಂತೆ. ಇಬ್ಬರೂ ಸಾಲು ಸಾಲಾಗಿ ಓದಿದೆವು. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಸಂಬಳವನ್ನು 13,000 ರೂಪಾಯಿ ಅಂತ ಇಟ್ಟುಕೊಳ್ಳುತ್ತೇನೆ. ಪಿಎಫ್‌ಗೆ ಶೇಕಡ 12, ಅಂದರೆ 1,560. ಇಎಸ್‌ಐಗೆ ಶೇಕಡ 0.75, ಸುಮಾರು 98. ಓಟಿ ಜಾಗ ಖಾಲಿ.

"ಗಂಟೆಗೆ ಎಷ್ಟು ಬೀಳುತ್ತೆ ನೋಡೋಣ" ಅಂದೆ. 13,000ವನ್ನು 26 ದಿನಕ್ಕೆ ಹಂಚಿದರೆ 500. ಎಂಟು ಗಂಟೆಗೆ ಹಂಚಿದರೆ 62 ರೂಪಾಯಿ 50 ಪೈಸೆ. ವಾರಕ್ಕೆ 48 ಗಂಟೆ ಮೀರಿ ದುಡಿಸಿಕೊಂಡರೆ ದುಪ್ಪಟ್ಟು ಕೊಡಬೇಕು. 1948ರ ಕಾರ್ಖಾನೆ ಕಾಯ್ದೆ ಹೇಳಿದ್ದು ಅದನ್ನೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ದುಪ್ಪಟ್ಟು ಹಾಗೇ ಉಳಿದಿದೆ. ತಿಂಗಳ ಸಂಬಳದವರಿಗೆ ಲೆಕ್ಕ ಗಡಿಯಾರದ್ದು, ಪೀಸಿನದ್ದಲ್ಲ. ಗಂಟೆಗೆ 125ರಂತೆ ತಿಂಗಳಲ್ಲಿ 20 ಗಂಟೆ ಅಂದರೂ 2,500.

ಅವರು ಪೆನ್ನು ತಗೊಂಡು ತಾವೇ ಇನ್ನೊಮ್ಮೆ ಗುಣಿಸಿದರು. ಆಮೇಲೆ ಕೇಳಿದರು: "ಹಂಗಾದ್ರೆ ನನಗೆ ಕೋಪ ಬರೋದು ಕಾಯಿಲೆ ಅಲ್ವಾ ಮೇಡಂ?"

ಅಲ್ಲ ಅಂದೆ. ಮಗಳ ಮೇಲೆ ತೀರಿಸಿಕೊಳ್ಳುವುದು ಮಾತ್ರ ತಪ್ಪು.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು "ನೀವು ಆಪ್ತಸಲಹೆಗಾರರೋ, ಯೂನಿಯನ್ ಲೀಡರೋ?" ಅಂತ ತಮಾಷೆಯಾಗಿ ಚುಚ್ಚಿದರು. ಉಸಿರಾಟದ ವ್ಯಾಯಾಮ ನಾನೂ ಹೇಳಿಕೊಡುತ್ತೇನೆ, ಅದರಿಂದ ಉಪಯೋಗವೂ ಇದೆ. ಆದರೆ ದುಡ್ಡು ಹಿಡಿದಿಟ್ಟುಕೊಂಡವರ ವಿಚಾರ ಎತ್ತದೆ, ದುಡ್ಡು ಸಿಗದವರಿಗೆ ಮಾತ್ರ ಶಾಂತಿ ಕಲಿಸುತ್ತಾ ಕೂತರೆ ನಾನು ಯಾರ ಕೆಲಸ ಮಾಡಿದ ಹಾಗಾಯಿತು? "ನನ್ನದೇ ತಪ್ಪು" ಅನ್ನುವ ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡುವುದು ನಮ್ಮ ಕಸುಬಿನ ಮೊದಲ ಪಾಠ. ಗಿರಿಜಾ ವಿಷಯದಲ್ಲಿ ಆ ಪರೀಕ್ಷೆಗೆ ಬೇಕಾಗಿದ್ದು ಪೇ ಸ್ಲಿಪ್, ಅಷ್ಟೇ. ಐಟಿ ಹುಡುಗರೂ ಇದೇ ಮಾತಾಡುತ್ತಾರೆ. "ನಾನು ಸ್ಲೋ, ಅದಕ್ಕೇ ರಾತ್ರಿ ಕೂರಬೇಕು." ಇಬ್ಬರ ಕೆಲಸ ಒಬ್ಬರಿಗೆ ಹಚ್ಚಿರುತ್ತಾರೆ ಅನ್ನುವುದು ಮೂರು ಸಲ ಕೇಳಿದ ಮೇಲೆ ಬಾಯಿಗೆ ಬರುತ್ತದೆ.

ಸರಿ, ಕೊಟ್ಟ ಸಲಹೆ ಏನು? ಸೂಪರ್‌ವೈಸರ್ ಮೇಲೆ ಕೂಗಾಡಬೇಡಿ ಅಂದೆ. ಅವನ ಮೇಲೆ ಫ್ಲೋರ್ ಇನ್‌ಚಾರ್ಜ್, ಅವರ ಮೇಲೆ ಪ್ರೊಡಕ್ಷನ್ ಮ್ಯಾನೇಜರ್, ಬೈಗುಳ ಮೇಲಿಂದಲೇ ಇಳಿದು ಬರುತ್ತದೆ. ಹಾಗಂತ ಅವನು ಪೀಸ್ ಎಸೆದಿದ್ದು ಸರಿ ಆಗುವುದಿಲ್ಲ. ಅದನ್ನು ಫ್ಯಾಕ್ಟರಿಯ ಕುಂದುಕೊರತೆ ಸಮಿತಿಗೆ ಬರವಣಿಗೆಯಲ್ಲಿ ಕೊಡಬಹುದು. ಸಿಟ್ಟಿನಲ್ಲಿ ರಾಜೀನಾಮೆ ಬೇಡವೇ ಬೇಡ. ಅವರದ್ದು ನಾಲ್ಕು ವರ್ಷ ಚಿಲ್ಲರೆ ಸರ್ವೀಸು. ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಅಂದರೆ ಗ್ರಾಚ್ಯುಟಿಗೆ ಐದು ತುಂಬಬೇಕು. ವರ್ಷಕ್ಕೆ 15 ದಿನದ ಸಂಬಳದಂತೆ, ನಮ್ಮ ಲೆಕ್ಕದಲ್ಲಿ ಐದು ವರ್ಷಕ್ಕೆ 37,500. "ರಾಜೀನಾಮೆ ಕೊಟ್ಟು ಹೊಸದಾಗಿ ಸೇರಿ" ಅಂತ ಯಾರಾದರೂ ಸಲಿಗೆಯಿಂದ ಹೇಳಿದರೆ ಹುಷಾರು, ಸರ್ವೀಸು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಮುಖ್ಯವಾಗಿ, ಮಗಳ ಹಳೇ ನೋಟ್‌ಬುಕ್ಕಿನಲ್ಲಿ ದಿನಾ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಬರೆಯಲು ಹೇಳಿದೆ. ಒಬ್ಬರೇ ಹೋಗಿ ಕೇಳಬೇಡಿ, ಲೈನಿನ ನಾಲ್ಕು ಜನರ ಜೊತೆ ಮಾತಾಡಿ ಅಂದೆ. ಅಲ್ಲೂ ಆಗದಿದ್ದರೆ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನ ಇದೆ.

"ನಮ್ಮಂಥವರ ಮಾತು ಯಾರು ಕೇಳ್ತಾರೆ?" ಅಂದರು. 2016ರ ಏಪ್ರಿಲ್ ನೆನಪಿಸಿದೆ. ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ ತುಂಬಿದ್ದರು. ಏಪ್ರಿಲ್ 19ಕ್ಕೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. "ಹೌದು, ನಮ್ಮತ್ತಿಗೆ ಹೋಗಿದ್ರು!" ಅಂತ ಮೊದಲ ಸಲ ನಕ್ಕರು.

ದೂರು ಕೊಡಿ ಅಂತ ನಾನು ಹೇಳಲಿಲ್ಲ. ಕೆಲಸ ಹೋದರೆ ಬಾಡಿಗೆ ಕಟ್ಟಬೇಕಾದವರು ಅವರು, ನಾನಲ್ಲ.

ನಾಲ್ಕು ಜನ ಸೇರಿ ನೋಟ್‌ಬುಕ್ ಹಿಡಿದುಕೊಂಡು ವೆಲ್ಫೇರ್ ಆಫೀಸರ್ ಹತ್ತಿರ ಹೋದರು. ಈಗ ಐದೂವರೆಗೇ ಲೈನ್ ಬಿಡುತ್ತಾರೆ, ಆದರೆ ಗಂಟೆಯ ಟಾರ್ಗೆಟ್ ಏರಿಸಿದ್ದಾರೆ. ಹಳೇ ಬಾಕಿ ಕೇಳುವ ವಿಷಯದಲ್ಲಿ ನಮ್ಮಿಬ್ಬರಿಗೆ ಒಮ್ಮತ ಆಗಲಿಲ್ಲ. ತಡ ಮಾಡಬೇಡಿ ಅನ್ನುವುದು ನನ್ನ ಮಾತು. ಐದು ವರ್ಷ ತುಂಬಲಿ, ಆಮೇಲೆ ಎಲ್ಲಾ ಒಟ್ಟಿಗೆ ಕೇಳ್ತೀನಿ ಅನ್ನುವುದು ಗಿರಿಜಾ ಅವರದ್ದು.