ಕಾರ್ಖಾನೆಯಲ್ಲಿ ಹೈಡ್ರೋಜನ್ ಅನಿಲ ಬಳಸುವಾಗ ಯಾವ ಎಚ್ಚರಿಕೆ ಅಗತ್ಯ?

ಹೈಡ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4ರಿಂದ 75ರವರೆಗೆ ಎಷ್ಟಿದ್ದರೂ ಬೆಂಕಿ ಹೊತ್ತಿಕೊಳ್ಳಬಲ್ಲದು. ಅದಕ್ಕೆ ಸುಮಾರು 0.02 ಮಿಲಿಜೂಲ್ ಶಕ್ತಿ ಸಾಕಾಗುವುದರಿಂದ, ಬಟ್ಟೆಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿಯೂ ಅಪಾಯಕಾರಿಯೇ. ಹೀಗಾಗಿ ಕಿಡಿಯನ್ನು ತಡೆದರೆ ಸಾಕೆಂದು ನಂಬಿ ಕೂರುವಂತಿಲ್ಲ. ಅನಿಲ ಸೋರದಂತೆಯೂ, ಸೋರಿದ್ದು ಒಂದೆಡೆ ಸೇರದಂತೆಯೂ ನೋಡಿಕೊಳ್ಳುವುದೇ ಮೊದಲ ಕೆಲಸ.

ಈ ಅನಿಲ ಗಾಳಿಗಿಂತ ಸುಮಾರು 14 ಪಟ್ಟು ಹಗುರವಾದ್ದರಿಂದ ಬಯಲಿನಲ್ಲಿ ಬೇಗನೆ ಮೇಲೇರಿ ಚದುರುತ್ತದೆ, ಆದರೆ ಕಟ್ಟಡದೊಳಗೆ ಚಾವಣಿಯಡಿ, ತೊಲೆಗಳ ನಡುವಿನ ಸಂದುಗಳಲ್ಲಿ ತಂಗುತ್ತದೆ. ಎಲ್‌ಪಿಜಿಗೆ ಮಾಡುವಂತೆ ಸೋರಿಕೆ ಪತ್ತೆ ಮಾಡುವ ಸೆನ್ಸರನ್ನು ನೆಲದ ಬಳಿ ಅಳವಡಿಸಿದರೆ ಪ್ರಯೋಜನವಿಲ್ಲ; ಸೆನ್ಸರ್ ಮತ್ತು ಗಾಳಿ ಹೊರಹೋಗುವ ಕಿಂಡಿ ಎರಡೂ ಅತ್ಯಂತ ಎತ್ತರದ ಜಾಗದಲ್ಲಿರಬೇಕು.

ಸಿಲಿಂಡರ್ ಬದಲಿಸಿದಾಗಲೆಲ್ಲ ಜೋಡಣೆಗಳಿಗೆ ಸೋರಿಕೆ ಪರೀಕ್ಷೆಯ ಸಾಬೂನು ದ್ರಾವಣ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು, ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಪೈಪಿನೊಳಗಿನ ಗಾಳಿಯನ್ನು ನೈಟ್ರೋಜನ್‌ನಿಂದ ಹೊರಹಾಕದೆ ಹೈಡ್ರೋಜನ್ ಬಿಡುವುದು, ಅಥವಾ ಹೈಡ್ರೋಜನ್ ಉಳಿದಿರುವಾಗಲೇ ಪೈಪನ್ನು ಬಿಚ್ಚುವುದು ಸಲ್ಲದು. ಕೆಲವು ಗಟ್ಟಿ ಉಕ್ಕುಗಳು ಹೈಡ್ರೋಜನ್ ಹೀರಿಕೊಂಡು ಪೆಡಸಾಗಿ ಬಿರುಕು ಬಿಡುವುದರಿಂದ, ಸಿಕ್ಕ ಪೈಪನ್ನೇ ಬಳಸದೆ ಈ ಅನಿಲಕ್ಕೆ ಸೂಕ್ತವೆಂದು ದೃಢಪಟ್ಟ ಲೋಹವನ್ನೇ ಆರಿಸಬೇಕು.

ಹೈಡ್ರೋಜನ್ ಜ್ವಾಲೆ ಹಗಲಿನಲ್ಲಿ ಬಹುತೇಕ ಕಾಣುವುದೇ ಇಲ್ಲ, ಅದರಿಂದ ಬರುವ ಶಾಖದ ಅನುಭವವೂ ಕಡಿಮೆ. ಆದ್ದರಿಂದ ಜ್ವಾಲೆ ಗುರುತಿಸುವ ಉಪಕರಣವಿಲ್ಲದೆ ಸೋರಿಕೆಯತ್ತ ಹೋಗಬಾರದು. ಬೆಂಕಿ ಹೊತ್ತಿದ್ದರೆ ದೂರದಿಂದ ಅನಿಲ ಪೂರೈಕೆ ನಿಲ್ಲಿಸಿ, ಸುತ್ತಲಿನ ಸಿಲಿಂಡರ್‌ಗಳನ್ನು ಸುರಕ್ಷಿತ ಅಂತರದಿಂದ ನೀರು ಹಾಯಿಸಿ ತಂಪಾಗಿಡಬೇಕು. ಪೂರೈಕೆ ನಿಲ್ಲುವ ಮುನ್ನ ಜ್ವಾಲೆಯನ್ನಷ್ಟೇ ಆರಿಸಿದರೆ, ಉರಿಯದ ಅನಿಲ ಶೇಖರವಾಗಿ ಸ್ಫೋಟಿಸಬಹುದು.