ಕ್ಯಾಮೆರಾಕ್ಕೆ ಯಾವ ಮೈಕ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ದೂರು: ಚಿತ್ರ ಛಲೋ ಬರುತ್ತದೆ, ಧ್ವನಿ ಕೈಕೊಡುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ನಮ್ಮ ಹತ್ರ ಕ್ಯಾನನ್ 1500ಡಿ ಕ್ಯಾಮೆರಾ ಅದ. ಊರ ಹಿರಿಯರ ಮಾತು, ತತ್ವಪದ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬೇಕಂತ ಮಾಡೀವಿ. ಮೂರು ಸಾವಿರದೊಳಗ ಯಾವ ಮೈಕ್ ತಗೊಳ್ಳೋದು?
— ಓದುಗರು, ಆಳಂದ

ಮೈಕ್ ವಿಚಾರ ಆಮೇಲೆ. ಮೊದಲು ಕ್ಯಾಮೆರಾದ ಪಕ್ಕದ ರಬ್ಬರ್ ಮುಚ್ಚಳ ಎತ್ತಿ ನೋಡಿ. 1500ಡಿಯಲ್ಲಿ ಮೈಕ್ ಸಾಕೆಟ್ಟೇ ಇಲ್ಲ. ಅಲ್ಲಿ ಕಾಣುವ ದುಂಡನೆಯ ಸಣ್ಣ ಸಾಕೆಟ್ 2.5 ಮಿ.ಮೀ.ದು, ಅದು ರಿಮೋಟ್ ಸ್ವಿಚ್ಚಿಗೆ ಇರುವುದು. ಮೈಕಿಗೆ 3.5 ಮಿ.ಮೀ. ಸಾಕೆಟ್ ಬೇಕು. ಕ್ಯಾನನ್ 1300ಡಿ, 3000ಡಿ, ನಿಕಾನ್ ಡಿ3400, ಡಿ3500, ಸೋನಿ ಎ6000 ಇವುಗಳದ್ದೂ ಇದೇ ಕಥೆ. ಕ್ಯಾನನ್ 200ಡಿ ಮಾರ್ಕ್ 2, ಎಂ50, ನಿಕಾನ್ ಡಿ5600, ಸೋನಿ ಝಡ್‌ವಿ-ಇ10 ಇವುಗಳಲ್ಲಿ ಸಾಕೆಟ್ ಇದೆ. ಕ್ಯಾಮೆರಾದ ನೆತ್ತಿಯ ಮೇಲೆ ಮೈಕ್ ಸಿಕ್ಕಿಸಲು ಜಾಗ ಇದೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ನಿಮ್ಮ ಕ್ಯಾಮೆರಾದಲ್ಲಿ ಆ ಜಾಗ ಮೈಕನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ಧ್ವನಿ ಅದರ ಮೂಲಕ ಒಳಗೆ ಹೋಗುವುದಿಲ್ಲ.

ಹಾಗಂತ ಕ್ಯಾಮೆರಾ ಮಾರಬೇಕಾಗಿಲ್ಲ. ಚಿತ್ರ ಕ್ಯಾಮೆರಾದಲ್ಲಿ, ಧ್ವನಿ ಮೊಬೈಲಿನಲ್ಲಿ ಹಿಡಿಯಿರಿ. ಬೋಯಾ ಬಿವೈ-ಎಂ1 ಥರದ ವೈರಿನ ಕಾಲರ್ ಮೈಕ್ ಸಾವಿರ ರೂಪಾಯಿ ಆಸುಪಾಸು ಸಿಗುತ್ತದೆ, ಅದರ ವೈರ್ 6 ಮೀಟರ್ ಉದ್ದ. ಮೊಬೈಲಿನಲ್ಲಿ 3.5 ಮಿ.ಮೀ. ಸಾಕೆಟ್ ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ಬೇಕು. ಅದು ಮೈಕ್ ಸಂಕೇತವನ್ನೂ ಒಳಗೆ ಬಿಡುವಂಥದ್ದಾಗಿರಬೇಕು, ಬರೀ ಇಯರ್‌ಫೋನಿನದ್ದು ಆಗುವುದಿಲ್ಲ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲವಾದರೆ ಹಿರಿಯರು ಒಳ್ಳೆ ಮಾತಿಗೆ ಬಂದಾಗಲೇ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ. ರೆಕಾರ್ಡಿಂಗ್ ಆ್ಯಪಿನಲ್ಲಿ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇಡಿ, ವಿಡಿಯೊದ ಧ್ವನಿಗೆ ಅದೇ ರೂಢಿ.

ಎರಡೂ ಓಡತೊಡಗಿದ ಮೇಲೆ ಕ್ಯಾಮೆರಾಕ್ಕೆ ಕಾಣುವಂತೆ ಒಂದು ಚಪ್ಪಾಳೆ ಹೊಡೆಯಿರಿ. ಕ್ಯಾಮೆರಾದ ಒಳಮೈಕನ್ನು ಆರಿಸಬೇಡಿ. ಅದರ ಧ್ವನಿ ಕೊನೆಗೆ ಬಳಕೆಯಾಗದಿದ್ದರೂ ಎಡಿಟಿಂಗಿನಲ್ಲಿ ಎರಡೂ ಕಡೆಯ ಚಪ್ಪಾಳೆಯ ಮೊನೆಗಳನ್ನು ಒಂದರ ಕೆಳಗೊಂದು ಕೂಡಿಸಲು ಅದೇ ಬೇಕು. 1500ಡಿ ಒಂದು ಸಲಕ್ಕೆ 29 ನಿಮಿಷ 59 ಸೆಕೆಂಡಿಗಿಂತ ಹೆಚ್ಚು ಓಡುವುದಿಲ್ಲ. ನಿಂತಾಗಲೆಲ್ಲ ಮತ್ತೆ ಶುರುಮಾಡಿ ಮತ್ತೆ ಚಪ್ಪಾಳೆ ಹೊಡೆಯಿರಿ. ದೀರ್ಘ ರೆಕಾರ್ಡಿಂಗಿನ ಕೊನೆಯಲ್ಲಿ ತುಟಿಗೂ ಮಾತಿಗೂ ತುಸು ಅಂತರ ಬಿದ್ದರೆ ಗಾಬರಿ ಬೇಡ. ಎರಡು ಯಂತ್ರಗಳ ಗಡಿಯಾರ ಕೂದಲೆಳೆಯಷ್ಟು ಬೇರೆ ಓಡುತ್ತವೆ, ಮಾತಿನ ನಡುವೆ ಬಿಡುವಿದ್ದಲ್ಲಿ ಕತ್ತರಿಸಿ ಸರಿಸಿದರೆ ಆಯಿತು.

ತತ್ವಪದಕ್ಕೆ ಕಾಲರ್ ಮೈಕ್ ಬೇಡ. ಅದರಲ್ಲಿ ಒಬ್ಬರ ದನಿ ಮಾತ್ರ ಮುಂದೆ ಬಂದು ಏಕತಾರಿ, ದಮ್ಮಡಿ ದೂರ ಉಳಿಯುತ್ತವೆ. ಮೊಬೈಲ್ ಅಥವಾ ಕೈಗಾತ್ರದ ರೆಕಾರ್ಡರನ್ನು ಮೇಳದ ಎದುರು ಒಂದು ಮೀಟರ್ ದೂರದಲ್ಲಿ, ಕೂತವರ ಎದೆಯ ಎತ್ತರಕ್ಕೆ ನಿಲ್ಲಿಸಿ, ಮುಖ್ಯ ಹಾಡುಗಾರರ ಕಡೆ ತುಸು ಸರಿಸಿ. ತಾಳ ಹಿಡಿದವರು ಎರಡನೇ ಸಾಲಿಗೆ ಹೋಗಲಿ. ತಾಳದ ಕಂಚು ಹತ್ತಿರವಿದ್ದರೆ ಪದದ ಸಾಹಿತ್ಯವೇ ಕೇಳುವುದಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಮೊಬೈಲ್ ಇಡುವ ರೂಢಿ ಬಿಡಿ, ತಿದಿಯ ಬಡಿತ ಪೂರ್ತಿ ಅದರೊಳಗೆ ಇಳಿಯುತ್ತದೆ.

ತೊಗರಿ ಹೊಲದಾಗ ರೈತರ ಸಂದರ್ಶನ ಮಾಡ್ತೀವಿ. ಕ್ಯಾಮೆರಾದ ಮ್ಯಾಲ ಉದ್ದ ಕೊಳವಿಯಂಥ ಶಾಟ್‌ಗನ್ ಮೈಕ್ ಅದ. ಗಾಳಿ ಬಿಟ್ರ ಬರೀ ಭರ್ ಭರ್ ಸಪ್ಪಳ. ಫೋಮಿನ ಟೊಪ್ಪಿಗೆ ಹಾಕೀವಿ, ಆದ್ರೂ ಹೋಗವಲ್ದು.
— ಓದುಗರು, ಚಿತ್ತಾಪುರ

ಫೋಮ್ ಇರುವುದು ಕೋಣೆಯೊಳಗಿನ ಫ್ಯಾನಿನ ಗಾಳಿಗೆ, ‘ಪ’, ‘ಬ’ ಅಕ್ಷರಗಳ ಉಸಿರಿನ ಹೊಡೆತಕ್ಕೆ. ಬಯಲಿನ ಗಾಳಿಗೆ ತುಪ್ಪಳದ ಕವಚವೇ ಆಗಬೇಕು. ಅಂಗಡಿಯಲ್ಲಿ ಡೆಡ್‌ಕ್ಯಾಟ್ ಎಂದು ಕೇಳಿ, ನಿಮ್ಮ ಮೈಕಿನ ಉದ್ದ, ದಪ್ಪ ಅಳೆದುಕೊಂಡು ಹೋಗಿ. ಆ ಭರ್ ಭರ್ ದೂರದಿಂದ ಬಂದ ಸದ್ದಲ್ಲ. ಗಾಳಿ ಮೈಕಿಗೇ ಬಡಿದು ಸುಳಿಯಾಗಿ, ಒಳಗಿನ ಪರದೆಯನ್ನು ಅಲುಗಾಡಿಸುತ್ತದೆ. ತುಪ್ಪಳ ಆ ಸುಳಿಯನ್ನು ಪರದೆಯಿಂದ ದೂರದಲ್ಲೇ ಮುರಿಯುತ್ತದೆ. ತುಪ್ಪಳ ಮೈಕಿನ ಮೈಗೆ ಅಂಟಿ ಕೂತಿರಬಾರದು, ಹಿಂಬದಿಯ ಕೊನೆಯೂ ಮುಚ್ಚಿರಬೇಕು.

ಆಮೇಲೆ ಲೋ-ಕಟ್ ಫಿಲ್ಟರ್. ಮೈಕಿನ ಮೇಲೆ ಓರೆ ಗೆರೆಯ ಗುರುತಿರುವ ಸ್ವಿಚ್ ಅದೇ. ಅದು 75 ಅಥವಾ 80 ಹರ್ಟ್ಸಿನ ಕೆಳಗಿನ ಗುಡುಗನ್ನು ತೆಗೆಯುತ್ತದೆ. ಗಂಡಸಿನ ಮಾತಿನ ದನಿ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುವುದರಿಂದ ನಷ್ಟವಿಲ್ಲ. 150ಕ್ಕೆ ಏರಿಸಿದರೆ ಮಾತ್ರ ಹಿರಿಯ ರೈತರ ದನಿ ತೆಳ್ಳಗಾಗಿ ಹಳೆ ಫೋನಿನಲ್ಲಿ ಕೇಳಿದ ಹಾಗೆ ಆಗುತ್ತದೆ. ಗಾಳಿಯ ಹೊಡೆತಕ್ಕೆ ರೆಕಾರ್ಡಿಂಗ್ ಒಮ್ಮೆ ಒಡೆದರೆ ಎಡಿಟಿಂಗಿನಲ್ಲಿ ಯಾವ ಫಿಲ್ಟರ್ ಹಾಕಿದರೂ ಬರುವುದಿಲ್ಲ. ಮಾತಿನ ಭಾಗವೂ ಅದರೊಂದಿಗೆ ಹೋಗಿರುತ್ತದೆ. ಆದ್ದರಿಂದ ತುಪ್ಪಳ ಮೊದಲು, ಫಿಲ್ಟರ್ ನಂತರ.

ಇನ್ನೊಂದು ಮಾತು, ತುಸು ಕಟುವಾಗಿಯೇ: ಕ್ಯಾಮೆರಾದ ಮೇಲಿನ ಶಾಟ್‌ಗನ್ ಎರಡು ಮೀಟರ್ ದೂರದಿಂದ ಮಾತನ್ನು ಎಳೆದು ತರುವುದಿಲ್ಲ. ದೂರ ಎರಡು ಪಟ್ಟಾದರೆ ಮಾತು 6 ಡೆಸಿಬಲ್ ಇಳಿಯುತ್ತದೆ, ಸುತ್ತಲಿನ ಸಪ್ಪಳ ಇದ್ದಷ್ಟೇ ಇರುತ್ತದೆ. ರೈತರ ಬೆನ್ನ ಹಿಂದೆ ಒಣಗಿದ ತೊಗರಿಕಾಯಿ ಗಲಗಲ ಎನ್ನುತ್ತಿದ್ದರೆ ಶಾಟ್‌ಗನ್ ನೇರ ಅದಕ್ಕೇ ಮುಖ ಮಾಡಿರುತ್ತದೆ. ಸಂದರ್ಶನಕ್ಕೆ ಕಾಲರ್ ಮೈಕ್ ಹಾಕಿ, ಅದಕ್ಕೂ ಹುಣಸೆಬೀಜದ ಗಾತ್ರದ್ದಲ್ಲ, ನಿಂಬೆಕಾಯಿ ಗಾತ್ರದ ತುಪ್ಪಳ ತೊಡಿಸಿ. ರೈತರ ಬೆನ್ನು ಗಾಳಿಗೆ ಇರುವಂತೆ ನಿಲ್ಲಿಸಿದರೆ ಅವರ ಮೈಯೇ ಮರೆಯಾಗುತ್ತದೆ.

ಮೊಬೈಲಿಗೆ ಚಲೋ ನಡೆಯುವ ಕಾಲರ್ ಮೈಕ್ ಕ್ಯಾಮೆರಾಕ್ಕೆ ಹಾಕಿದರೆ ಸದ್ದೇ ಇಲ್ಲ. ಮೈಕ್ ಕೆಟ್ಟದೇನು?
— ಓದುಗರು, ಶಹಾಪುರ

ಕೆಟ್ಟಿಲ್ಲ. ಪಿನ್ನಿನ ಮೇಲಿನ ಕಪ್ಪು ಉಂಗುರ ಎಣಿಸಿ. ಮೂರಿದ್ದರೆ ಅದು ಟಿಆರ್‌ಆರ್‌ಎಸ್, ಮೊಬೈಲಿನದು. ಎರಡಿದ್ದರೆ ಟಿಆರ್‌ಎಸ್, ಕ್ಯಾಮೆರಾದ್ದು. ಮೊಬೈಲ್ ಪಿನ್ನಿನಲ್ಲಿ ಮೈಕಿನ ಸಂಕೇತ ಬುಡದ ಲೋಹಕ್ಕೆ ಬರುತ್ತದೆ. ಕ್ಯಾಮೆರಾ ಅದೇ ಬುಡವನ್ನು ನೆಲ, ಅಂದರೆ ಗ್ರೌಂಡ್ ಎಂದು ಹಿಡಿಯುತ್ತದೆ. ಟಿಆರ್‌ಆರ್‌ಎಸ್ ಹೆಣ್ಣು, ಟಿಆರ್‌ಎಸ್ ಗಂಡು ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ. ಉಲ್ಟಾ ಅಡಾಪ್ಟರೂ ನೋಡಲು ಹಾಗೇ ಇರುತ್ತದೆ, ಉಂಗುರ ಎಣಿಸಿಯೇ ದುಡ್ಡು ಕೊಡಿ.

ನಿಮ್ಮದು ಬಿವೈ-ಎಂ1 ಆಗಿದ್ದರೆ ಅಡಾಪ್ಟರ್ ಬೇಡ. ಅದರ ವೈರಿನ ಡಬ್ಬಿಯ ಸ್ವಿಚ್ಚನ್ನು ಕ್ಯಾಮೆರಾ ಕಡೆ ತಳ್ಳಿ. ಆಗ ಒಳಗಿನ ಎಲ್‌ಆರ್44 ಗುಂಡಿ ಬ್ಯಾಟರಿ ಕೆಲಸ ಮಾಡಬೇಕು. ಸ್ವಿಚ್ ಹಾಗೇ ಬಿಟ್ಟು ಚೀಲದಲ್ಲಿಟ್ಟರೆ ಬ್ಯಾಟರಿ ಖಾಲಿ, ಮುಂದಿನ ಸಲ ಸದ್ದಿಲ್ಲ. ಚೀಲದಲ್ಲಿ ಒಂದು ಹೆಚ್ಚುವರಿ ಬ್ಯಾಟರಿ ಸದಾ ಇರಲಿ.

ಮನೆಯಲ್ಲೇ ಅಡುಗೆ ಮತ್ತು ಪಾಠದ ವಿಡಿಯೊ ಮಾಡುತ್ತೇನೆ. ನೆಲ ಶಹಾಬಾದ್ ಕಲ್ಲು, ಗೋಡೆ ಬರೀ ಸಿಮೆಂಟ್. ದುಬಾರಿ ಶಾಟ್‌ಗನ್ ತಂದರೂ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತದೆ.
— ಓದುಗರು, ಕಲಬುರಗಿ

ಕಲ್ಲು, ಸಿಮೆಂಟ್, ಆರ್‌ಸಿಸಿ ಸೂರು, ಮೂರೂ ಮಾತನ್ನು ಹಿಂದಕ್ಕೆ ಎಸೆಯುತ್ತವೆ. ಶಾಟ್‌ಗನ್ ಮೈಕಿನ ಉದ್ದ ಕೊಳವೆಯ ಪಕ್ಕದ ಸೀಳುಗಳು ಬದಿಯಿಂದ ಬಂದ ಸದ್ದನ್ನು ಒಂದಕ್ಕೊಂದು ಹೊಡೆದು ಅಳಿಸಲಿಕ್ಕೆ ಇವೆ. ಬಯಲಿನಲ್ಲಿ ಅದು ಸರಿಯಾಗಿ ನಡೆಯುತ್ತದೆ. ಸಣ್ಣ ಕೋಣೆಯಲ್ಲಿ ನಿಮ್ಮ ಮಾತೇ ಎಲ್ಲ ಗೋಡೆಗೂ ಬಡಿದು ಮುಂದಿನಿಂದಲೂ ಬದಿಯಿಂದಲೂ ಬರುವುದರಿಂದ ಅಳಿಸುವ ಲೆಕ್ಕ ತಪ್ಪಿ ದನಿ ಟೊಳ್ಳಾಗುತ್ತದೆ. ಮನೆಯೊಳಗೆ ಗಿಡ್ಡ ಸೂಪರ್‌ಕಾರ್ಡಿಯಾಯ್ಡ್ ಮೈಕ್ (ಮುಖ್ಯವಾಗಿ ಎದುರಿನ ಸದ್ದು ಹಿಡಿಯುವಂಥದ್ದು), ಇಲ್ಲವೇ ಸಾದಾ ಕಾಲರ್ ಮೈಕ್ ಮೇಲು.

ತಂದ ಮೈಕನ್ನು ಎಸೆಯಬೇಡಿ, ಕ್ಯಾಮೆರಾದಿಂದ ಇಳಿಸಿ. ಮೂರು ಮೀಟರಿನ 3.5 ಮಿ.ಮೀ. ಎಕ್ಸ್‌ಟೆನ್ಷನ್ ವೈರ್ ತಂದು, ಒಂದು ಸ್ಟ್ಯಾಂಡಿನಿಂದ ನಿಮ್ಮ ತಲೆಯ ಮುಂದೆ, ಮೇಲಿನಿಂದ ಎದೆಯ ಕಡೆಗೆ ಮುಖ ಮಾಡಿ, ಬಾಯಿಯಿಂದ 40-50 ಸೆಂ.ಮೀ. ದೂರಕ್ಕೆ ತೂಗಿಬಿಡಿ. ಚೌಕಟ್ಟಿನಲ್ಲಿ ಮೈಕಿನ ತುದಿ ಕಾಣುವವರೆಗೆ ಇಳಿಸಿ, ಕಾಣದಷ್ಟೇ ಎತ್ತಿ. ಕೌದಿಗಳು ಮನೆಯಲ್ಲಿವೆಯಲ್ಲ, ಒಂದನ್ನು ಕ್ಯಾಮೆರಾದ ಹಿಂದಿನ ಗೋಡೆಗೆ, ಅಂದರೆ ನಿಮ್ಮ ಮಾತು ಮೊದಲು ಬಡಿಯುವ ಗೋಡೆಗೆ ತೂಗುಹಾಕಿ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ದೂರ ಬಿಟ್ಟರೆ ಹೆಚ್ಚು ಹೀರುತ್ತದೆ. ಇನ್ನೊಂದನ್ನು ನಿಮಗೂ ಕ್ಯಾಮೆರಾಕ್ಕೂ ನಡುವಿನ ನೆಲಕ್ಕೆ ಹಾಸಿ. ತಟ್ಟೆಯಾಕಾರದ ತೆಳು ಫೋಮ್ ತುಂಡುಗಳಿಗೆ ದುಡ್ಡು ಸುರಿಯಬೇಡಿ, ಅವು ಸೀಟಿಯಂಥ ಮೇಲು ಸ್ವರ ಹೀರಿ ಮಾತಿನ ಗುಂಯ್‌ಗುಡುವಿಕೆಯನ್ನು ಹಾಗೇ ಬಿಡುತ್ತವೆ.

ಬೇಸಿಗೆಯಲ್ಲಿ ಕೂಲರ್ ಆರಿಸಿ ಚಿತ್ರೀಕರಿಸುವುದು ನಮ್ಮ ಕಡೆ ಶಿಕ್ಷೆಯೇ ಸರಿ. ಆದರೆ ಬೇರೆ ದಾರಿಯಿಲ್ಲ. ಕೋಣೆ ತಂಪು ಮಾಡಿಕೊಂಡು, ಆರಿಸಿ, ಹತ್ತು ನಿಮಿಷದ ತುಂಡುಗಳಲ್ಲಿ ಮುಗಿಸಿ. ಫ್ರಿಜ್ ಆರಿಸಿದ್ದರೆ ಕಾರಿನ ಕೀಲಿಯನ್ನು ಅದರೊಳಗಿಡಿ, ಮತ್ತೆ ಹಾಕುವುದು ಮರೆಯುವುದಿಲ್ಲ.

ಬಿದ್ರಿ ಕೆಲಸಗಾರರ ಮೇಲೆ ವಿಡಿಯೊ ಮಾಡುತ್ತಿದ್ದೇವೆ. ಸುತ್ತಿಗೆ ಬಿದ್ದಾಗ ಕಿವಿಗೆ ಬಡಿಯುತ್ತದೆ, ಆಮೇಲೆ ಅವರ ಮಾತು ಕೇಳುವುದಿಲ್ಲ. ಮೇಲಿಂದ ಮೇಲೆ ವಿಮಾನದ ಸದ್ದು ಬೇರೆ.
— ಓದುಗರು, ಬೀದರ್

ಕ್ಯಾಮೆರಾ ಆಟೊ ಲೆವೆಲ್‌ನಲ್ಲಿದೆ. ಸುತ್ತಿಗೆ ಬಿದ್ದೊಡನೆ ಅದು ಧ್ವನಿಯನ್ನು ತಗ್ಗಿಸುತ್ತದೆ, ಮೇಲೇರಿಸಲು ಹೊತ್ತು ತೆಗೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಬಂದ ಮಾತು ಮುಳುಗುತ್ತದೆ. ಮೆನುವಿನಲ್ಲಿ ಸೌಂಡ್ ರೆಕಾರ್ಡಿಂಗ್ ಮ್ಯಾನುಯಲ್‌ಗೆ ಹಾಕಿ. ಪರದೆಯ ಧ್ವನಿ ಮೀಟರಿನಲ್ಲಿ ಮಾತಿನ ತುದಿಗಳು −12 ಡೆಸಿಬಲ್ ಹತ್ತಿರ ಆಡಲಿ, ಸುತ್ತಿಗೆ ಜೋರಾಗಿ ಬಿದ್ದಾಗಲೂ 0 ಮುಟ್ಟಬಾರದು. ಮುಟ್ಟಿತೆಂದರೆ ಲೆವೆಲ್ ಇನ್ನೂ ಇಳಿಸಿ. ಮೈಕಿಗೆ +20 ಡೆಸಿಬಲ್ ಸ್ವಿಚ್ ಇದ್ದರೆ ಮಾತಿನ ಸಂದರ್ಶನದಲ್ಲಿ ಅದನ್ನು ಹಾಕಿ ಕ್ಯಾಮೆರಾದ ಲೆವೆಲ್ ಕೆಳಗಿಡಿ, ಕ್ಯಾಮೆರಾದೊಳಗಿನ ಸುಂಯ್ ಸದ್ದು ಕಡಿಮೆಯಾಗುತ್ತದೆ. ಸುತ್ತಿಗೆಯ ಹತ್ತಿರ ಮಾತ್ರ ಆ ಸ್ವಿಚ್ ಬೇಡ. ಕೆಲವು ವೈರ್‌ಲೆಸ್ ಸೆಟ್ಟುಗಳಲ್ಲಿ ಸೇಫ್ಟಿ ಟ್ರ್ಯಾಕ್ ಇರುತ್ತದೆ, ಅದೇ ಧ್ವನಿಯನ್ನು ತಗ್ಗಿಸಿ ಎರಡನೇ ಚಾನೆಲ್ಲಿಗೆ ಬರೆಯುತ್ತದೆ. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಅದಕ್ಕಿಂತ ಸುಲಭದ್ದು, ಕೆಲಸ ಬೇರೆ, ಮಾತು ಬೇರೆ ಮಾಡಿ. ಉಳಿ ಗೆರೆ ಕೊರೆಯುವ ಕಿರ್ ಸದ್ದು, ಬೆಳ್ಳಿ ತಂತಿ ಕೂರಿಸುವ ಟಕ್‌ಟಕ್, ಇವನ್ನು ಮೈಕ್ ಒಂದು ಮೊಳ ದೂರ ಹಿಡಿದು ಬಿಡಿಬಿಡಿಯಾಗಿ ತೆಗೆದುಕೊಳ್ಳಿ. ಮಾತನ್ನು ಉಪಕರಣ ಕೆಳಗಿಡಿಸಿ ತೆಗೆದುಕೊಳ್ಳಿ, ಎಡಿಟಿಂಗಿನಲ್ಲಿ ಹೊಂದಿಸಿ.

ಬೀದರಿನ ವಾಯುಪಡೆ ನೆಲೆಯಲ್ಲಿ ಪೈಲಟ್ ತರಬೇತಿ ನಡೆಯುವುದರಿಂದ ಜೆಟ್ ಸದ್ದು ತಪ್ಪಿದ್ದಲ್ಲ. ಲೋ-ಕಟ್ ಅದಕ್ಕೆ ನಾಟುವುದಿಲ್ಲ, ಜೆಟ್ಟಿನ ಸದ್ದು ಮಾತಿನ ಸ್ವರಗಳಲ್ಲೇ ಹರಡಿರುತ್ತದೆ. ವಿಮಾನ ದಾಟುವತನಕ ನಿಲ್ಲಿ, ವಾಕ್ಯವನ್ನು ಮೊದಲಿಂದ ಹೇಳಿಸಿ. ಹೊರಡುವ ಮೊದಲು ಯಾರೂ ಮಾತಾಡದೆ 30 ಸೆಕೆಂಡ್ ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿಕೊಂಡರೆ ಕತ್ತರಿಸಿದ ಜಾಗಗಳಿಗೆ ತೇಪೆ ಹಾಕಲು ಬರುತ್ತದೆ.

ಜಾತ್ರಿ ಭಜನಿಗೆ ಡಿಜೆ ಮಿಕ್ಸರಿನಿಂದ ನೇರ ಕ್ಯಾಮೆರಾಕ್ಕೆ ವೈರ್ ಕೊಟ್ರ ಧ್ವನಿ ಒಡಕೊಡಕ, ಮ್ಯಾಲ ಗುಂಯ್ ಅಂತದ.
— ಓದುಗರು, ಸುರಪುರ

ಎರಡು ಬೇರೆ ರೋಗ. ಒಡಕಿಗೆ ಕಾರಣ, ಮಿಕ್ಸರ್ ಕೊಡುವುದು ಲೈನ್ ಲೆವೆಲ್, ಕ್ಯಾಮೆರಾ ಕಾಯುವುದು ಅದಕ್ಕಿಂತ ನೂರಾರು ಪಟ್ಟು ದುರ್ಬಲವಾದ ಮೈಕ್ ಲೆವೆಲ್. ಕ್ಯಾಮೆರಾದ ಲೆವೆಲ್ ಸೊನ್ನೆಗೆ ಇಳಿಸಿದರೂ ಒಳಬಾಗಿಲಲ್ಲೇ ಒಡೆದಿರುತ್ತದೆ. 40 ಡೆಸಿಬಲ್‌ವರೆಗೆ ತಗ್ಗಿಸುವ ಅಟೆನ್ಯುಯೇಟರ್ ವೈರ್ ಬೇಕು, ಇಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಠಿಯಲ್ಲಿ ವಿಚಾರಿಸಿ. ಗುಂಯ್ ಅನ್ನುವುದು ಕರೆಂಟಿನ 50 ಹರ್ಟ್ಸ್. ಕ್ಯಾಮೆರಾ ಚಾರ್ಜರಿಗೂ ಮಿಕ್ಸರಿಗೂ ಬೇರೆ ಬೇರೆ ಅರ್ಥಿಂಗ್ ಸಿಕ್ಕು ವೈರಿನಲ್ಲಿ ಕರೆಂಟ್ ಸುತ್ತುತ್ತದೆ. ಕ್ಯಾಮೆರಾವನ್ನು ಬ್ಯಾಟರಿಯಲ್ಲೇ ಓಡಿಸಿ. ಹೋಗದಿದ್ದರೆ ಆ ವೈರಿನ ನಡುವೆ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಅದು ಎರಡೂ ಕಡೆಯ ಅರ್ಥಿಂಗ್ ಬೇರ್ಪಡಿಸಿ ಧ್ವನಿಯನ್ನಷ್ಟೇ ದಾಟಿಸುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಕೆಲಸ ಮಾತ್ರ ಬೇಡ, ಒದ್ದೆ ನೆಲದ ಮೇಲೆ ಮೈಕ್ ಹಿಡಿದವರ ಜೀವಕ್ಕೆ ಬರುತ್ತದೆ.

ಮಿಕ್ಸರಿನಲ್ಲಿ ಮೈಕಿಟ್ಟ ಸದ್ದು ಮಾತ್ರ ಇರುತ್ತದೆ, ಜನರ ಜೈಕಾರ ಇರುವುದಿಲ್ಲ. ಅದಕ್ಕೆ ಒಂದು ರೆಕಾರ್ಡರ್ ಜನರ ನಡುವೆ ಇಡಿ.

ವೈರ್‌ಲೆಸ್ ಮೈಕಿನ ಡಬ್ಬಿ ಮೇಲೆ 200 ಮೀಟರ್ ಬರೆದದ. ಜಾತ್ರೆಯೊಳಗ 20 ಮೀಟರಿಗೇ ತುಂಡಾಗ್ತದ.
— ಓದುಗರು, ಯಾದಗಿರಿ

200 ಮೀಟರ್ ಬಯಲಿನಲ್ಲಿ, ಎದುರುಬದರು ನಿಂತಾಗ. ಇವು 2.4 ಗಿಗಾಹರ್ಟ್ಸಿನಲ್ಲಿ ಓಡುತ್ತವೆ, ವೈಫೈ, ಬ್ಲೂಟೂತ್ ಕೂಡ ಅಲ್ಲೇ. ಮನುಷ್ಯನ ಮೈಯ ನೀರು ಈ ಅಲೆಯನ್ನು ನುಂಗುತ್ತದೆ. ಟ್ರಾನ್ಸ್‌ಮಿಟರನ್ನು ಬೆನ್ನಿಗೆ ಸಿಕ್ಕಿಸದೆ ಕ್ಯಾಮೆರಾ ಕಡೆಯ ಎದೆಗೆ ಹಾಕಿ, ರಿಸೀವರನ್ನು ಜನರ ತಲೆಗಿಂತ ಎತ್ತರಕ್ಕೆ ಹಿಡಿಯಿರಿ. ಕೊಳ್ಳುವಾಗ ಟ್ರಾನ್ಸ್‌ಮಿಟರಿನೊಳಗೇ ರೆಕಾರ್ಡ್ ಆಗುವ ಮಾದರಿ ಕೇಳಿ. ಸಂಕೇತ ತುಂಡಾದರೂ ಒಳಗಿನ ಪ್ರತಿ ಉಳಿದಿರುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಸೆಟ್ಟನ್ನು ನಿಂತ ಕಾರಿನಲ್ಲಿ ಬಿಡಬೇಡಿ, ಲಿಥಿಯಂ ಬ್ಯಾಟರಿ ಉಬ್ಬುತ್ತದೆ.

ಸೀರೆಗೆ ಕಾಲರ್ ಮೈಕ್ ಎಲ್ಲಿ ಸಿಕ್ಕಿಸಬೇಕು?
— ಓದುಗರು, ಹುಮನಾಬಾದ್

ಗಲ್ಲದಿಂದ ಒಂದು ಗೇಣು ಕೆಳಗೆ, ಸೆರಗಿನ ಮೇಲಂಚಿಗೆ, ಸೆರಗು ಪಿನ್ ಹಾಕಿ ಜಾರದಂತೆ ಮಾಡಿದ ಮೇಲೆ. ಸೆರಗಿನ ಒಳಗೆ ಮುಚ್ಚಿಟ್ಟರೆ ರೇಷ್ಮೆ, ಪಾಲಿಯೆಸ್ಟರ್ ಉಜ್ಜಿ ಸರಸರ ಎನ್ನುತ್ತದೆ, ಹತ್ತಿಯದು ಅಷ್ಟಿಲ್ಲ. ತಾಳಿ ಸರ ಮೈಕಿಗೆ ತಾಗದಂತೆ ಪಕ್ಕಕ್ಕೆ ಸರಿಸಿ. ಕ್ಲಿಪ್ಪಿನ ಕೆಳಗೆ ವೈರನ್ನು ಒಂದು ಸುತ್ತು ಸುತ್ತಿ ಟೇಪ್ ಹಚ್ಚಿದರೆ ಎಳೆತ ಮೈಕಿಗೆ ತಟ್ಟುವುದಿಲ್ಲ.

ಕಲಬುರಗಿ ಕೋಟೆಯ ಜಾಮಾ ಮಸೀದಿಯೊಳಗೆ ನಿಂತು ಇತಿಹಾಸ ಹೇಳುವ ವಿಡಿಯೊಗೆ ಯಾವ ಮೈಕ್?
— ಓದುಗರು, ಕಲಬುರಗಿ

1367ರ ಆ ಮಸೀದಿಗೆ ತೆರೆದ ಅಂಗಳವಿಲ್ಲ, ಇಡೀ ಮೇಲ್ಭಾಗ ಗುಮ್ಮಟಗಳೇ. ಒಳಗೆ ಕಾಲರ್ ಮೈಕ್ ಒಂದೇ ಗತಿ. ಗುಮ್ಮಟದ ನಡುಕೇಂದ್ರದ ಕೆಳಗೆ ನಿಲ್ಲದೆ ಕಂಬದ ಪಕ್ಕ ನಿಲ್ಲಿ, ಮೆಲ್ಲಗೆ, ವಾಕ್ಯಗಳ ನಡುವೆ ಬಿಡುವು ಕೊಟ್ಟು ಮಾತಾಡಿ. ಟ್ರೈಪಾಡ್ ಒಯ್ಯುವುದಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿಯನ್ನು ಮುಂಚೆಯೇ ಪಡೆಯಿರಿ.