ಅದು ನೀರು, ಕೊಬ್ಬಲ್ಲ

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದೂವರೆ ವರ್ಷ ಅರೆಹೊಟ್ಟೆಯಲ್ಲಿದ್ದು, ತಿಂದ ಸ್ವಲ್ಪಕ್ಕೂ ಭೇದಿ ಮಾಡಿಸುವ ಮಾತ್ರೆ ನುಂಗುತ್ತಿದ್ದಿರಿ. ಈಗ ಹನ್ನೆರಡು ದಿನದಿಂದ ಮಾತ್ರೆ ಬಿಟ್ಟು ಮೂರು ಹೊತ್ತು ಊಟ ಮಾಡುತ್ತಿದ್ದೀರಿ. ಇದು ಸಣ್ಣ ವಿಷಯವಲ್ಲ. ಅಷ್ಟರಲ್ಲೇ ಪಾದ ಊದಿ ಚಪ್ಪಲಿ ಬಿಗಿಯಾಗಿದೆ, ಮುಖ ಉಬ್ಬಿದೆ, ತೂಕವೂ ಏರಿದೆ. "ತಿಂದಿದ್ದೆಲ್ಲ ಕೊಬ್ಬಾಗುತ್ತಿದೆ, ಮತ್ತೆ ಊಟ ಬಿಡಲಾ?" ಅಂತ ಕೇಳಿದ್ದೀರಿ. ಪಿಜಿಯ ಗೆಳತಿ ನೀರು ಇಳಿಸುವ ಮಾತ್ರೆ ಬೇರೆ ತಂದಿಟ್ಟಿದ್ದಾಳೆ.

ಊಟ ಬಿಡಬೇಡಿ. ಆ ಮಾತ್ರೆಯನ್ನು ಮುಟ್ಟಬೇಡಿ.

ಊದಿದ ಜಾಗದಲ್ಲಿ ಬೆರಳಿಟ್ಟು ಒತ್ತಿದರೆ ಸ್ವಲ್ಪ ಹೊತ್ತು ಗುಳಿ ಉಳಿಯುತ್ತದೆ ಅಂದಿದ್ದೀರಲ್ವಾ? ಕೊಬ್ಬಿಗೆ ಹಾಗಾಗುವುದಿಲ್ಲ, ಅದು ನೀರು. ಭೇದಿಯಲ್ಲಿ ದಿನಾ ನೀರು, ಉಪ್ಪು ಹೋಗುತ್ತಿದ್ದಾಗ ನಿಮ್ಮ ದೇಹ ಅಲ್ಡೋಸ್ಟಿರಾನ್ ಅನ್ನುವ ಹಾರ್ಮೋನನ್ನು ಜಾಸ್ತಿ ಮಾಡಿಕೊಂಡು, ಸಿಕ್ಕ ಉಪ್ಪನ್ನೆಲ್ಲ ಹಿಡಿದಿಡುವುದನ್ನು ರೂಢಿ ಮಾಡಿಕೊಂಡಿತು. ಮಾತ್ರೆ ನಿಂತರೂ ಆ ರೂಢಿ ಒಂದೇ ದಿನಕ್ಕೆ ಹೋಗುವುದಿಲ್ಲ. ಅನ್ನ, ಚಪಾತಿ ಹೊಟ್ಟೆಗೆ ಬಿದ್ದಾಗ ಏರುವ ಇನ್ಸುಲಿನ್ ಕೂಡ ಕಿಡ್ನಿಯಲ್ಲಿ ಉಪ್ಪನ್ನು ಉಳಿಸುತ್ತದೆ, ಉಪ್ಪಿನ ಹಿಂದೆ ನೀರು. ಬರಿದಾಗಿದ್ದ ಲಿವರ್, ಸ್ನಾಯುಗಳು ಈಗ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯನ್ನು ತುಂಬಿಕೊಳ್ಳುತ್ತಿವೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರುತ್ತದೆ. ತೂಕ ದಿಢೀರ್ ಏರಿದ್ದು ಮುಖ್ಯವಾಗಿ ಹೀಗೆ. ಊಟ ಮುಂದುವರಿಸಿದರೆ ಈ ಊತ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಗೆಳತಿಯ ಮಾತ್ರೆ ನುಂಗಿದರೆ ಪೊಟ್ಯಾಸಿಯಂ ಕುಸಿದು ಎದೆ ಬಡಿತವೇ ತಪ್ಪಬಹುದು, ನಿಲ್ಲಿಸಿದ ಮೇಲೆ ಊತವೂ ವಾಪಸ್ ಬರುತ್ತದೆ.

ನನ್ನ ಚಿಂತೆ ಊತಕ್ಕಿಂತ ಬೇರೆಯದು. ತುಂಬಾ ದಿನ ಹಸಿದ ದೇಹಕ್ಕೆ ಊಟ ಸಿಕ್ಕಾಗ ಮೊದಲ ಎರಡು ವಾರ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜಾರಿಬಿಡಬಹುದು, ಅದು ಹೊರಗೆ ಕಾಣುವುದಿಲ್ಲ. ಹೃದಯ, ಕಿಡ್ನಿಯ ತೊಂದರೆಯಿಂದಲೂ ಕಾಲು ಊದುತ್ತದೆ. ಹಾಗಾಗಿ ನಾಳೆಯೇ ಡಾಕ್ಟರ್ ಹತ್ತಿರ ಹೋಗಿ, ರಕ್ತ ಪರೀಕ್ಷೆ, ಇಸಿಜಿ ಮಾಡಿಸಿ. ಭೇದಿ ಮಾತ್ರೆಯ ವಿಷಯ ದಯವಿಟ್ಟು ಮುಚ್ಚಿಡಬೇಡಿ, ಅದು ಗೊತ್ತಿಲ್ಲದಿದ್ದರೆ ಅವರೂ ಸುಮ್ನೆ ನೀರಿನ ಮಾತ್ರೆಯನ್ನೇ ಬರೆದುಕೊಡಬಹುದು. ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ ನಾಳೆಗೂ ಕಾಯದೆ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ರಾತ್ರಿ ಮತ್ತೆ ಊಟ ಬಿಡುವ ಯೋಚನೆ ಬಂದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅಮ್ಮನಿಗೆ ಹೇಳಲೋ ಬೇಡವೋ ಅಂತ ಪತ್ರದ ಕೊನೆಗೆ ಕೇಳಿದ್ದೀರಿ. ಹೇಳಿ. ಡಾಕ್ಟರ್ ಹತ್ತಿರ ಹೋಗುವಾಗ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ.